ಕಾರ್ಡಿನ ಮೇಲಿನ ಹೆಸರು ಒಂದು, ಹೊರತಂದವರು ಇನ್ನೊಬ್ಬರು: ಹಳೆಯ ಚಿತ್ರಕಾರ್ಡುಗಳ ನಿಜವಾದ ತಯಾರಕರನ್ನು ಗುರುತಿಸುವುದು ಹೇಗೆ?

ಒಂಟಾರಿಯೊ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಕೆನಡಾದ ಒಂಟಾರಿಯೊದಲ್ಲಿದ್ದೇನೆ. ಹೋದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯವರು ಗ್ಯಾರೇಜಿನ ಹಳೆಯ ಸಾಮಾನುಗಳನ್ನು ಹೊರಗೆ ಹರಡಿ ಮಾರುತ್ತಿದ್ದರು. ಒಂದು ಷೂ ಡಬ್ಬದಲ್ಲಿ ಬಬಲ್‌ಗಮ್ ಜೊತೆ ಬರುತ್ತಿದ್ದ ಹಳೆಯ ಚಿತ್ರಕಾರ್ಡುಗಳು ಸಿಕ್ಕವು. ಆಟಗಾರರ ಕಾರ್ಡು ಒಂದೂ ಇಲ್ಲ. ಮಂಗಳ ಗ್ರಹದ ತಲೆಬುರುಡೆಯ ಜೀವಿಗಳು ಭೂಮಿಗೆ ದಾಳಿ ಇಡುವ ಚಿತ್ರಗಳು ನಾಲ್ಕು, ಬೀಟಲ್ಸ್ ಹಾಡುಗಾರರ ಕಪ್ಪುಬಿಳುಪು ಚಿತ್ರಗಳು ಏಳು, ಹಳೆಯ ಯುದ್ಧದ ಬಣ್ಣದ ಚಿತ್ರಗಳು ಎರಡು.

ಮಂಗಳದ ಕಾರ್ಡುಗಳ ಹಿಂಬದಿಯಲ್ಲಿ ‘ಬಬಲ್ಸ್ ಇಂಕ್’ ಎಂದಿದೆ (ಇಂಕ್ ಎಂದರೆ ಶಾಯಿಯಲ್ಲ, ಇನ್‌ಕಾರ್ಪೊರೇಟೆಡ್, ಅಂದರೆ ಕಂಪನಿ). ಅದು ಯಾರೂ ಕೇಳರಿಯದ ಸಣ್ಣ ಕಂಪನಿ, ಒಂದೇ ವರ್ಷಕ್ಕೆ ಮುಚ್ಚಿಹೋಯಿತು ಎಂದು ಮಾರಿದವರು ಹೇಳಿದರು. ಬೀಟಲ್ಸ್ ಕಾರ್ಡುಗಳಲ್ಲಿ ‘ಕೆನಡಾದಲ್ಲಿ ಮುದ್ರಿತ’ ಎಂಬ ಸಾಲಿದೆ. ಅವುಗಳ ಮೇಲೆ ನೀಲಿ ಶಾಯಿಯ ಸಹಿಯೂ ಇದೆ. ಯುದ್ಧದ ಕಾರ್ಡುಗಳಲ್ಲಿ ‘ಗಮ್ ಇಂಕ್, ಫಿಲಡೆಲ್ಫಿಯಾ’ ಎಂದಿದೆ. ಮಗಳು ಇವನ್ನು ಶಾಲೆಯ ಪ್ರದರ್ಶನಕ್ಕೆ ಒಯ್ಯಬೇಕೆಂದಿದ್ದಾಳೆ. ಪ್ರತಿ ಕಾರ್ಡಿನ ಕೆಳಗೆ ‘ತಯಾರಕರು’ ಎಂದು ಬರೆಯುವಾಗ ಯಾರ ಹೆಸರು ಹಾಕಬೇಕು? ದಯವಿಟ್ಟು ತಿಳಿದವರು ಹೇಳಿ.

ಕಾಗದದ ಹುಳು

ಡಬ್ಬವನ್ನು ಜೋಪಾನವಾಗಿಡಿ, ಬಿಸಿಲಿಗೆ ಇಡಬೇಡಿ. ಉಳಿದ ಮಾತು ಆಮೇಲೆ.

ಮಾರಿದವರ ಮಾತು ತಪ್ಪು. ‘ಬಬಲ್ಸ್ ಇಂಕ್’ ಎಂಬುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಟಾಪ್ಸ್ ಚ್ಯೂಯಿಂಗ್ ಗಮ್ ಕಂಪನಿ ಹೊದ್ದುಕೊಂಡ ಇನ್ನೊಂದು ಹೆಸರು. ನಿಮ್ಮ ಕೈಯಲ್ಲಿರುವುದು 1962ರ ‘ಮಾರ್ಸ್ ಅಟ್ಯಾಕ್ಸ್’ ಸರಣಿ, ಒಟ್ಟು 55 ಕಾರ್ಡು. ಕಲ್ಪನೆ ಟಾಪ್ಸ್‌ನಲ್ಲೇ ಕೆಲಸ ಮಾಡುತ್ತಿದ್ದ ವುಡಿ ಗೆಲ್ಮನ್ ಮತ್ತು ಲೆನ್ ಬ್ರೌನ್ ಅವರದು. ವಾಲಿ ವುಡ್ ಮೊದಲ ರೇಖಾಚಿತ್ರಗಳನ್ನು ಕೊಟ್ಟರು, ಬಾಬ್ ಪವೆಲ್ ಪೆನ್ಸಿಲಿನಲ್ಲಿ ಬರೆದರು, ನಾರ್ಮನ್ ಸಾಂಡರ್ಸ್ ಬಣ್ಣ ತುಂಬಿದರು. ಸುಟ್ಟು ಕರಕಲಾಗುವ ಸೈನಿಕರು, ಮೂಳೆಯಷ್ಟೇ ಉಳಿಯುವ ನಾಯಿ, ದೈತ್ಯ ಕೀಟಗಳು, ಇವೆಲ್ಲ ಐದು ಸೆಂಟಿಗೆ ಮಕ್ಕಳ ಕೈಗೆ ಬರುವ ಸರಕು. ತಾಯಿತಂದೆಯರು ಸಿಟ್ಟಾಗುತ್ತಾರೆಂಬುದು ಕಂಪನಿಗೆ ಮೊದಲೇ ಗೊತ್ತಿತ್ತು. ಅದಕ್ಕಾಗಿಯೇ ತನ್ನ ಹೆಸರನ್ನು ಮರೆಯಲ್ಲಿಟ್ಟಿತು. ಭಯ ಸುಳ್ಳಾಗಲಿಲ್ಲ. ದೂರುಗಳು ಬಂದವು, ಮಾರಾಟವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಕಾರ್ಡು ಹೊರತಂದವರು ಒಬ್ಬರು, ಅಚ್ಚು ಹಾಕಿದವರು ಇನ್ನೊಬ್ಬರು, ಚಿತ್ರದ ಹಕ್ಕು ಇರುವವರು ಮತ್ತೊಬ್ಬರು, ಪರವಾನಗಿ ಪಡೆದು ಬೇರೆ ದೇಶದಲ್ಲಿ ಮಾರಿದವರು ಮಗದೊಬ್ಬರು. ಸಣ್ಣ ಅಕ್ಷರದಲ್ಲಿರುವ ಹೆಸರು ಈ ನಾಲ್ವರಲ್ಲಿ ಯಾರದ್ದಾದರೂ ಆಗಿರಬಹುದು. ಅದನ್ನು ನೋಡಿದ ಕೂಡಲೇ ‘ತಯಾರಕ’ ಎಂದು ಬರೆದುಬಿಡುವುದು ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ತಪ್ಪು. ನಾನೂ ಎರಡು ವರ್ಷ ಹಾಗೆಯೇ ಬರೆದುಕೊಂಡಿದ್ದೆ.

ಆಧಾರ ಬೇಕು

ಒಂದು ಪ್ರಶ್ನೆ ಕೇಳಲೇಬೇಕು. ಕಾರ್ಡಿನ ಮೇಲೆ ಟಾಪ್ಸ್ ಎಂದು ಎಲ್ಲಿಯೂ ಇಲ್ಲ. ಹಾಗಿದ್ದಮೇಲೆ ಅದು ಟಾಪ್ಸ್‌ನದೇ ಎಂದು ನಂಬುವುದು ಯಾವ ಆಧಾರದ ಮೇಲೆ? ಎಲ್ಲರೂ ಹೇಳುತ್ತಾರೆ ಎಂಬುದು ಆಧಾರವಲ್ಲ. ಹಳೆಯ ಕಾಗದಗಳ ಲೋಕದಲ್ಲಿ ಒಬ್ಬರು ಹೇಳಿದ್ದನ್ನು ಹತ್ತು ಜನ ನಕಲು ಮಾಡಿ, ಕೊನೆಗೆ ಅದೇ ಇತಿಹಾಸವಾಗಿಬಿಡುವುದನ್ನು ನಾನು ತುಂಬ ಕಂಡಿದ್ದೇನೆ.

ಕಾಗದದ ಹುಳು

ಕೇಳಿದ್ದು ಒಳ್ಳೆಯದಾಯಿತು.

ಮೊದಲನೆಯದು ಕೆಲಸ ಮಾಡಿದವರ ಮಾತು. ಲೆನ್ ಬ್ರೌನ್ ಟಾಪ್ಸ್‌ನಲ್ಲಿ ದೀರ್ಘಕಾಲ ಇದ್ದವರು. ಈ ಸರಣಿ ಹುಟ್ಟಿದ ಬಗೆಯನ್ನು ಅವರೇ ಹೇಳಿದ್ದಾರೆ. ಎರಡನೆಯದು ಹಕ್ಕಿನ ಜಾಡು. 1994ರಲ್ಲಿ ಈ ಸರಣಿಯನ್ನು ಮತ್ತೆ ಹೊರತಂದದ್ದು ಟಾಪ್ಸ್. 1996ರಲ್ಲಿ ಇದರ ಮೇಲೆ ಹಾಲಿವುಡ್ ಚಲನಚಿತ್ರ ಬಂದಾಗಲೂ ಹಕ್ಕು ಇದ್ದದ್ದು ಟಾಪ್ಸ್ ಕೈಯಲ್ಲೇ. ಆಸ್ತಿಯ ವ್ಯಾಜ್ಯದಲ್ಲಿ ಪಹಣಿ ಯಾರ ಹೆಸರಿನಲ್ಲಿ ಮುಂದುವರಿಯಿತು ಎಂದು ನೋಡುವುದಿಲ್ಲವೇ? ಇದೂ ಹಾಗೆಯೇ.

ಮೂರನೆಯದು ಕಾರ್ಡಿನೊಳಗೇ ಇದೆ. ಅದೇ 1962ರಲ್ಲಿ ಟಾಪ್ಸ್ ‘ಸಿವಿಲ್ ವಾರ್ ನ್ಯೂಸ್’ ಎಂಬ 88 ಕಾರ್ಡುಗಳ ಸರಣಿಯನ್ನು ತಂದಿತು. ಅಮೆರಿಕದ ಅಂತರ್ಯುದ್ಧದ ಚಿತ್ರಗಳು ಅವು. ಅಲ್ಲಿ ಟಿ.ಸಿ.ಜಿ. ಎಂಬ ಗುರುತಿದೆ, ಟಾಪ್ಸ್ ಚ್ಯೂಯಿಂಗ್ ಗಮ್ ಎಂಬುದರ ಮೊದಲಕ್ಷರಗಳು. ಎರಡು ಸರಣಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಾಂಡರ್ಸ್ ಅವರ ಅದೇ ಕುಂಚ, ಬೆಂಕಿಯ ಅದೇ ಕಿತ್ತಳೆ, ಬಾಯಿ ತೆರೆದು ಹಿಂದಕ್ಕೆ ವಾಲುವ ಮನುಷ್ಯನ ಅದೇ ಭಂಗಿ. ಅಳತೆಯೂ ಒಂದೇ, ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಬರೀ ಶೈಲಿಯಿಂದ ತೀರ್ಪು ಕೊಡಬಾರದು, ಒಪ್ಪುತ್ತೇನೆ. ಚಿತ್ರಕಾರ ಹತ್ತು ಕಂಪನಿಗಳಿಗೆ ಬರೆಯಬಹುದು. ಆದರೆ ಮೊದಲಿನ ಎರಡರ ಜೊತೆ ಇದೂ ಸೇರಿದಾಗ ಸಂಶಯಕ್ಕೆ ಜಾಗವಿಲ್ಲ.

ಆಧಾರ ಬೇಕು

ಒಪ್ಪಿದೆ. ಪಹಣಿಯ ಹೋಲಿಕೆ ನನಗೆ ಇಷ್ಟವಾಯಿತು, ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಹಕ್ಕು ಮಾರಾಟವಾಗುತ್ತದೆ. ಇಂದು ಹಕ್ಕು ಇರುವವರು ಅಂದು ತಯಾರಿಸಿದವರೇ ಆಗಿರಬೇಕಿಲ್ಲ.

ಕಾಗದದ ಹುಳು

ಅದಕ್ಕೆ ಉದಾಹರಣೆ ಈ ಡಬ್ಬದಲ್ಲೇ ಇದೆ. ಆ ಎರಡು ಯುದ್ಧದ ಕಾರ್ಡುಗಳು ‘ಹಾರರ್ಸ್ ಆಫ್ ವಾರ್’ ಸರಣಿಯವು, 1938ರವು. ಒಟ್ಟು 288. ಚೀನಾದ ಮೇಲೆ ಜಪಾನಿನ ಆಕ್ರಮಣ, ಸ್ಪೇನಿನ ಅಂತರ್ಯುದ್ಧ, ಇಥಿಯೋಪಿಯ, ಅಂದಿನ ಪತ್ರಿಕೆಗಳ ಸುದ್ದಿಯೆಲ್ಲ ಅಲ್ಲಿ ಚಿತ್ರವಾಗಿದೆ. ಹಿಂಬದಿಯಲ್ಲಿ ಕಥೆಯ ಕೊನೆಗೆ, ಯುದ್ಧದ ಭೀಕರತೆಯನ್ನು ಅರಿತವನು ಶಾಂತಿಯನ್ನೇ ಬಯಸುತ್ತಾನೆ ಎಂಬ ಅರ್ಥದ ಸಾಲು ಇರುತ್ತದೆ, ನೋಡಿ.

ಇವನ್ನು ತಂದದ್ದು ಫಿಲಡೆಲ್ಫಿಯಾದ ಗಮ್ ಇಂಕ್. ಅದರ ಒಡೆಯ ವಾರನ್ ಬೋಮನ್. ಮಹಾಯುದ್ಧದ ನಂತರ ಕಂಪನಿಗೆ ಬೋಮನ್ ಎಂಬ ಹೆಸರೇ ಬಂತು. 1956ರಲ್ಲಿ ಅದನ್ನು ಕೊಂಡದ್ದು ಟಾಪ್ಸ್. ಆದ್ದರಿಂದ ಕೆಲವು ಮಾರಾಟಗಾರರು 1938ರ ಕಾರ್ಡಿಗೆ ‘ಬೋಮನ್’ ಎಂದು ಬರೆಯುತ್ತಾರೆ, ಇನ್ನು ಕೆಲವರು ‘ಟಾಪ್ಸ್’ ಎಂದೂ ಬರೆಯುತ್ತಾರೆ. ಗಂಡನ ಮನೆಯ ಹೆಸರನ್ನು ತವರಿಗೆ ಅಂಟಿಸಿದಂತಾಗುತ್ತದೆ ಇದು. ಕಾರ್ಡು ಹುಟ್ಟಿದ ದಿನ ಕಂಪನಿಯ ಹೆಸರು ಏನಿತ್ತೋ ಅದನ್ನೇ ಬರೆಯಬೇಕು. ಈ ಎರಡು ಕಾರ್ಡುಗಳ ಮಟ್ಟಿಗೆ ಅಚ್ಚಾಗಿರುವ ಹೆಸರೇ ಸರಿ: ಗಮ್ ಇಂಕ್.

ಬೀಟಲ್ಸ್ ಕಾರ್ಡುಗಳ ವಿಷಯ ಸರಳ. 1964ರಲ್ಲಿ ಟಾಪ್ಸ್ ಅಮೆರಿಕದಲ್ಲಿ ತಂದ ಸರಣಿಯನ್ನೇ ಕೆನಡಾದಲ್ಲಿ ಓ-ಪೀ-ಚೀ ಕಂಪನಿ ತನ್ನ ಮುದ್ರಣದಲ್ಲಿ ಮಾರಿತು. ಓ-ಪೀ-ಚೀ ಇದ್ದದ್ದು ನಿಮ್ಮದೇ ಪ್ರಾಂತ್ಯದ ಲಂಡನ್ ಊರಿನಲ್ಲಿ, ಇಂಗ್ಲೆಂಡಿನ ಲಂಡನ್‌ನಲ್ಲಲ್ಲ. ಅದೇ ರೀತಿ ಬ್ರಿಟನ್‌ನಲ್ಲಿ ಟಾಪ್ಸ್ ಸರಣಿಗಳನ್ನು ತರುತ್ತಿದ್ದದ್ದು ಎಸೆಕ್ಸ್‌ನ ರಾಮ್‌ಫರ್ಡ್‌ನಲ್ಲಿದ್ದ ಎ ಅಂಡ್ ಬಿ.ಸಿ. ಎಂಬ ಗಮ್ ಕಂಪನಿ. ಒಂದೇ ಚಿತ್ರ, ಮೂರು ದೇಶ, ಮೂರು ತಯಾರಕರು. ‘ಮೂಲ ಟಾಪ್ಸ್, ಕೆನಡಾದ ಆವೃತ್ತಿ ಓ-ಪೀ-ಚೀ’ ಎಂದು ಬರೆದರೆ ಇಬ್ಬರಿಗೂ ನ್ಯಾಯ ಸಲ್ಲುತ್ತದೆ. ಸಹಿಗಳು ಅಚ್ಚಿನವು, ಪೆನ್ನಿನವಲ್ಲ. ಆಸೆ ಪಡಬೇಡಿ.

ಅಚ್ಚುಮೊಳೆ

ಹುಬ್ಬಳ್ಳಿಯಲ್ಲಿ ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಮೊಳೆ ಜೋಡಿಸಿದ್ದೇನೆ, ಆಫ್‌ಸೆಟ್ ಯಂತ್ರವನ್ನೂ ಓಡಿಸಿದ್ದೇನೆ. ಇಷ್ಟು ಹೊತ್ತು ಬರೀ ಹೆಸರುಗಳ ಚರ್ಚೆ ನಡೆಯಿತು. ಕಾಗದವನ್ನು ಯಾರೂ ಮಾತಾಡಿಸಲಿಲ್ಲ.

ಒಂಟಾರಿಯೊದವರೇ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದನ್ನು ತನ್ನಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದು ಆದರೂ ಸರಿ. ಮೊದಲು ಚಿತ್ರವನ್ನು ನೋಡಬೇಡಿ, ಹಿಂಬದಿಯ ಅಕ್ಷರವನ್ನು ನೋಡಿ. 1962ರ ಕೆಲಸದಲ್ಲಿ ಅಕ್ಷರಕ್ಕೆ ಒಂದೇ ಶಾಯಿ ಇರುತ್ತದೆ. ಅಂಚು ಕತ್ತರಿಸಿದ ಹಾಗೆ ಇರುತ್ತದೆ, ಒಳಗೆಲ್ಲ ಬಣ್ಣ ಒಂದೇ ಸಮ ತುಂಬಿರುತ್ತದೆ. ಆಮೇಲೆ ಯಾರೋ ಮೂಲ ಕಾರ್ಡನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರೆ, ಆ ಯಂತ್ರಕ್ಕೆ ಅಕ್ಷರವೂ ಒಂದು ಚಿತ್ರವೇ. ಅಕ್ಷರ ಕೂಡ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತದೆ, ಅಂಚಿನಲ್ಲಿ ಬೇರೆ ಬಣ್ಣದ ಪುಡಿ ಕಾಣುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ಕನ್ನಡಿಯಡಿ ಹಗಲು ರಾತ್ರಿಯಷ್ಟು ಬೇರೆ.

ಆಮೇಲೆ ಚಿತ್ರ. ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲುಗಟ್ಟಿ, ಸಣ್ಣ ಹೂವಿನಂಥ ವೃತ್ತಗಳಾಗಿ ಕೂಡಿರುತ್ತವೆ. ನೂರಿಪ್ಪತ್ತು ವರ್ಷದ ಹಿಂದಿನ ಕಲ್ಲಚ್ಚಿನಲ್ಲಿ ಹಾಗಲ್ಲ. ಅಲ್ಲಿ ಕಲ್ಲಿನ ಮೇಲೆ ಕುಶಲಕರ್ಮಿ ಕೈಯಾರೆ ಇಟ್ಟ ಚುಕ್ಕಿಗಳು, ಒಂದು ದಪ್ಪ, ಒಂದು ಸಣ್ಣ, ಲೆಕ್ಕವಿಲ್ಲದೆ ಹರಡಿರುತ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕೆಲವೊಮ್ಮೆ ಎಂಟು ಹತ್ತು ಕಲ್ಲು. ಕೆಂಪಿನ ಕಲ್ಲು ಕೂದಲೆಳೆಯಷ್ಟು ಸರಿದಿದ್ದರೆ ತುಟಿಯ ಬಣ್ಣ ಗಲ್ಲಕ್ಕೆ ಇಳಿದಿರುತ್ತದೆ. ಆ ಕೈಗಳ ಕೆಲಸವನ್ನು ಕಂಡಾಗ ಇಂದಿಗೂ ನನಗೆ ಎದೆ ತುಂಬಿ ಬರುತ್ತದೆ.

ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಸಿಕ್ಕರೆ ಕತ್ತಲಲ್ಲಿ ಕಾರ್ಡಿನ ಮೇಲೆ ಹಿಡಿಯಿರಿ. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1938ರ ಕಾರ್ಡು ನೀಲಿಯಾಗಿ ಹೊಳೆದರೆ ಅದು 1938ರದಲ್ಲ. ಆದರೆ 1962ರ ಕಾರ್ಡಿಗೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ.

ಮೈಸೂರಿನ ಗುಬ್ಬಿ

ನಾನು ಈ ಚರ್ಚೆಯನ್ನು ಓದುತ್ತಾ ಎದ್ದು ಹೋಗಿ ನಮ್ಮ ತಾತನ ತಗಡಿನ ಡಬ್ಬ ತೆರೆದೆ. ತಾತ ಮೈಸೂರಿನಲ್ಲಿ ಗುಮಾಸ್ತರಾಗಿದ್ದರು. ಅವರ ತಂದೆಯ ಕಾಲದ್ದು ಈ ಡಬ್ಬ ಎಂದು ಅಜ್ಜಿ ಹೇಳುತ್ತಿದ್ದರು. ಅದರೊಳಗೆ ಹತ್ತೊಂಬತ್ತು ಸಣ್ಣ ಕಾರ್ಡುಗಳಿವೆ, ಬೆರಳಿಗಿಂತ ಸ್ವಲ್ಪ ಅಗಲ. ಅಳೆದೆ: 68 ಮಿಲಿಮೀಟರ್ ಉದ್ದ, 36 ಅಗಲ. ಪೇಟ ತೊಟ್ಟ ಸೈನಿಕರ ಬಣ್ಣದ ಚಿತ್ರಗಳು. ಹಿಂಬದಿಯಲ್ಲಿ ‘ವಿಲ್ಸ್’ ಎಂದೂ ‘ಸಿಸರ್ಸ್ ಸಿಗರೇಟ್ಸ್’ ಎಂದೂ ಇದೆ. ಬೆಂಗಳೂರಿನಲ್ಲಿ ಸಿಗರೇಟಿನ ಕಾರ್ಖಾನೆ ಇತ್ತಲ್ಲ, ಐ.ಟಿ.ಸಿ.ಯದು? ಇವು ಅಲ್ಲಿಯವೇ?

ಕಾಗದದ ಹುಳು

ಮೇಡಂ, ಈ ಚರ್ಚೆಗೆ ಇದಕ್ಕಿಂತ ಚೆನ್ನಾದ ತಿರುವು ಸಿಗಲಾರದು. ನೀವು ಕೊಟ್ಟ ಅಳತೆ ಬ್ರಿಟಿಷ್ ಸಿಗರೇಟ್ ಕಾರ್ಡಿನ, ಅಂದರೆ ಸಿಗರೇಟ್ ಪೊಟ್ಟಣದೊಳಗೆ ಇಡುತ್ತಿದ್ದ ಚಿತ್ರಕಾರ್ಡಿನ, ಸಾಮಾನ್ಯ ಅಳತೆ. ಚಿತ್ರಗಳು ‘ಇಂಡಿಯನ್ ರೆಜಿಮೆಂಟ್ಸ್’ ಸರಣಿಯವು ಇರಬೇಕು, 1912ರ 50 ಕಾರ್ಡುಗಳ ಸರಣಿ. ‘ಸಿಸರ್ಸ್’ ಬ್ರ್ಯಾಂಡಿನ ಕಾರ್ಡುಗಳು ಇಂಡಿಯಾದಲ್ಲಿ ಮಾರುವ ಪೊಟ್ಟಣಗಳಿಗೇ ಬಂದವು.

ಈಗ ತಯಾರಕರ ಪ್ರಶ್ನೆ. ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಜೇಮ್ಸ್ ಡ್ಯೂಕ್ 1890ರಲ್ಲಿ ಐದು ದೊಡ್ಡ ಸಿಗರೇಟ್ ಕಂಪನಿಗಳನ್ನು ಸೇರಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ಆಮೇಲೆ ಬ್ರಿಟನ್ನಿನ ಮಾರುಕಟ್ಟೆಗೂ ಕೈ ಹಾಕಿದ. ಅವನನ್ನು ತಡೆಯಲು ಬ್ರಿಸ್ಟಲ್‌ನ ವಿಲ್ಸ್, ನಾಟಿಂಗ್‌ಹ್ಯಾಮ್‌ನ ಪ್ಲೇಯರ್ ಮುಂತಾದವರು 1901ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿಯಾಗಿ ಒಗ್ಗೂಡಿದರು. 1902ರಲ್ಲಿ ಇಬ್ಬರೂ ರಾಜಿಯಾದರು. ಬ್ರಿಟನ್ ಇಂಪೀರಿಯಲ್‌ಗೆ, ಅಮೆರಿಕ ಡ್ಯೂಕ್‌ಗೆ, ಉಳಿದ ಪ್ರಪಂಚ ಇಬ್ಬರೂ ಸೇರಿ ಹುಟ್ಟಿಸಿದ ಬ್ರಿಟಿಷ್-ಅಮೆರಿಕನ್ ಟೊಬ್ಯಾಕೊಗೆ. ಹೀಗಾಗಿ ‘ವಿಲ್ಸ್’ ಎಂಬ ಒಂದೇ ಹೆಸರು ಬ್ರಿಟನ್ನಿನೊಳಗೆ ಒಬ್ಬರದು, ಹೊರಗೆ ಇನ್ನೊಬ್ಬರದು ಆಯಿತು.

ಇದನ್ನು ಕಾರ್ಡೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಹಂಚಿದ ವಿಲ್ಸ್ ಕಾರ್ಡಿನ ಹಿಂಬದಿಯ ತಳದಲ್ಲಿ, ಇದು ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಶಾಖೆ ಹೊರತಂದದ್ದು ಎಂಬರ್ಥದ ಸಾಲು ಇರುತ್ತದೆ. ಸಂಗ್ರಾಹಕರು ಅದನ್ನು ‘ಐ.ಟಿ.ಸಿ. ಸಾಲು’ ಎನ್ನುತ್ತಾರೆ. ಹೊರದೇಶಗಳಿಗೆ ಹೋದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ. ಈ ಐ.ಟಿ.ಸಿ. ನಮ್ಮ ಐ.ಟಿ.ಸಿ. ಅಲ್ಲ, ಗಮನಿಸಿ. ನಮ್ಮದು 1910ರ ಆಗಸ್ಟ್ 24ರಂದು ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಎಂದು ಶುರುವಾಗಿ, 1970ರಲ್ಲಿ ಇಂಡಿಯಾ ಟೊಬ್ಯಾಕೊ ಕಂಪನಿಯಾಗಿ, 1974ರಲ್ಲಿ ಐ.ಟಿ.ಸಿ. ಆಯಿತು. ಎರಡು ಹೆಸರುಗಳ ಮೊದಲಕ್ಷರ ಕೂಡಿಬಂದಿದ್ದರಿಂದ ಎಷ್ಟೋ ಪಟ್ಟಿಗಳಲ್ಲಿ ಕಲಸುಮೇಲೋಗರವಾಗಿದೆ.

ನಿಮ್ಮ ಕಾರ್ಡಿನ ತಳದಲ್ಲಿ ಆ ಸಾಲು ಇದೆಯೇ, ದಯವಿಟ್ಟು ನೋಡಿ ಹೇಳಿ.

ಮೈಸೂರಿನ ಗುಬ್ಬಿ

ಹತ್ತೊಂಬತ್ತನ್ನೂ ತಿರುಗಿಸಿ ನೋಡಿದೆ. ಒಂದರಲ್ಲೂ ಇಲ್ಲ.

ಕಾಗದದ ಹುಳು

ಹಾಗಾದರೆ ತೀರ್ಮಾನವಾಯಿತು. ಹೆಸರು ವಿಲ್ಸ್‌ನದು, ಹೊರತಂದದ್ದು ಬ್ರಿಟಿಷ್-ಅಮೆರಿಕನ್ ಟೊಬ್ಯಾಕೊ ಗುಂಪು, ಇಂಡಿಯಾದ ಮಾರುಕಟ್ಟೆಗಾಗಿ. ಬೆಂಗಳೂರಿನ ಕಾರ್ಖಾನೆ ಸಿಗರೇಟಿನದು, ಕಾರ್ಡಿನದಲ್ಲ. ಕಂಪನಿ ನಮ್ಮ ದೇಶದಲ್ಲಿ ತನ್ನದೇ ಮುದ್ರಣ ಮತ್ತು ಪೊಟ್ಟಣದ ವಿಭಾಗವನ್ನು ತೆರೆದದ್ದು 1925ರಲ್ಲಿ. ನಿಮ್ಮ ಕಾರ್ಡು ಅದಕ್ಕಿಂತ ಹಿರಿಯದು.

ಆಧಾರ ಬೇಕು

ಅಚ್ಚು ಹಾಕಿದವರು?

ಅಚ್ಚುಮೊಳೆ

ಇಂಪೀರಿಯಲ್ ಗುಂಪಿನ ಮುದ್ರಣದ ದೊಡ್ಡ ಪಾಲು ಬ್ರಿಸ್ಟಲ್‌ನ ಮಾರ್ಡನ್, ಸನ್ ಅಂಡ್ ಹಾಲ್ ಅವರ ಅಚ್ಚುಕೂಟದ್ದು. ಹಾಗೆಂದು ಇದರ ಮೇಲೆ ಆ ಹೆಸರು ಬರೆಯಬೇಡಿ. ಕಾರ್ಡಿನಲ್ಲಿ ಮುದ್ರಕರ ಹೆಸರಿಲ್ಲ. ಇಲ್ಲದಿದ್ದಾಗ ಆ ಖಾನೆಯನ್ನು ಖಾಲಿ ಬಿಡುವುದೇ ಧರ್ಮ. ಅಮೆರಿಕದ ಅಲೆನ್ ಅಂಡ್ ಗಿಂಟರ್ ಸಿಗರೇಟ್ ಕಂಪನಿಯ 1880ರ ದಶಕದ ಕಾರ್ಡುಗಳಲ್ಲಿ ಕೆಲವದರ ಮೇಲೆ ಕಲ್ಲಚ್ಚಿನವರ ಹೆಸರೇ ಇರುತ್ತದೆ: ನ್ಯೂಯಾರ್ಕಿನ ‘ಲಿಂಡ್ನರ್, ಎಡ್ಡಿ ಅಂಡ್ ಕ್ಲಾಸ್’, ಫಿಲಡೆಲ್ಫಿಯಾದ ‘ಜಾರ್ಜ್ ಹ್ಯಾರಿಸ್ ಅಂಡ್ ಸನ್ಸ್’. ಅಲ್ಲಿ ಧಾರಾಳವಾಗಿ ಬರೆಯಿರಿ. ಮುದ್ರಕನ ಹೆಸರನ್ನು ಕಾರ್ಡು ಹೊರತಂದವರ ಖಾನೆಗೆ ಮಾತ್ರ ಹಾಕಬೇಡಿ.

ಬೆಂಕಿಪೊಟ್ಟಣ

ನಾನು ಬೆಂಕಿಪೊಟ್ಟಣದ ಚೀಟಿಗಳನ್ನು ಕೂಡಿಸುವವನು, ಕಾರ್ಡುಗಳ ಬಗ್ಗೆ ಅನುಭವ ಕಡಿಮೆ. ನನ್ನ ಬಳಿ ಒಂದೇ ಒಂದು ಅಮೆರಿಕದ ಸಿಗರೇಟ್ ಕಾರ್ಡಿದೆ. ‘ಹಸನ್’ ಎಂಬ ಹೆಸರು, ಅಲ್ಲಿನ ಮೂಲನಿವಾಸಿಗಳ ಬದುಕಿನ ಚಿತ್ರ. ಹೆಸರು ನೋಡಿ ತುರ್ಕಿಯದು ಎಂದುಕೊಂಡಿದ್ದೆ. ಹಿಂದೆ ಫ್ಯಾಕ್ಟರಿ ನಂಬರ್ ಎಂದು ಅಂಕಿ ಇದೆ.

ಕಾಗದದ ಹುಳು

ಆಗ ತುರ್ಕಿಯ ತಂಬಾಕಿಗೆ ಬೆಲೆ ಇತ್ತು, ಅದಕ್ಕೇ ಹಸನ್, ಮೆಕ್ಕಾ ಎಂಬ ಹೆಸರುಗಳು. ಇವೆರಡೂ ಡ್ಯೂಕನ ಅಮೆರಿಕನ್ ಟೊಬ್ಯಾಕೊ ಕಂಪನಿಯ ಹಿಡಿತದಲ್ಲಿದ್ದ ಬ್ರ್ಯಾಂಡುಗಳು. ಫ್ಯಾಕ್ಟರಿ ನಂಬರ್ ಎಂಬುದು ತೆರಿಗೆ ಇಲಾಖೆ ಪ್ರತಿ ಕಾರ್ಖಾನೆಗೂ ಕೊಟ್ಟಿದ್ದ ಸಂಖ್ಯೆ, ಪಕ್ಕದಲ್ಲಿ ತೆರಿಗೆ ಜಿಲ್ಲೆ ಮತ್ತು ರಾಜ್ಯ ಇರುತ್ತದೆ. ಬ್ರ್ಯಾಂಡಿನ ಹೆಸರನ್ನು ಬೇಕಾದ ಹಾಗೆ ಇಡಬಹುದು. ತೆರಿಗೆಯ ಸಂಖ್ಯೆಯಲ್ಲಿ ಆಟ ಆಡಲಾಗದು. ಆದರೆ ಅದು ಸಿಗರೇಟು ಸುತ್ತಿದ ಕಾರ್ಖಾನೆಯ ಗುರುತು, ಕಾರ್ಡು ಅಚ್ಚಾದ ಜಾಗದ್ದಲ್ಲ.

ನಿಮ್ಮ ಸರಣಿಗೆ ಸಂಗ್ರಾಹಕರ ಪಟ್ಟಿಯಲ್ಲಿ ಟಿ73 ಎಂಬ ಸಂಖ್ಯೆ ಇದೆ. ಅದನ್ನು ಕೊಟ್ಟವರು ಅಮೆರಿಕದ ಸಿರಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ಕೈಗಳು ಸೊಟ್ಟಗಾಗಿದ್ದರೂ ಜೀವಮಾನವಿಡೀ ಕಾರ್ಡು ಕೂಡಿಸಿದ ಮಹಾನುಭಾವರು. 1939ರಲ್ಲಿ ಮೊದಲ ಪಟ್ಟಿ ತಂದರು. ಮೂರು ಲಕ್ಷಕ್ಕೂ ಹೆಚ್ಚು ಕಾಗದಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ಅಲ್ಲೇ ಕುಳಿತು ತಾವೇ ಆಲ್ಬಮ್ಮುಗಳಿಗೆ ಅಂಟಿಸಿ, 1963ರಲ್ಲಿ ತೀರಿಕೊಂಡರು. ಇಂದು ನಾವು ಆಡುವ ಪ್ರತಿ ಮಾತಿಗೂ ಅವರ ಋಣವಿದೆ.

ಒಂಟಾರಿಯೊ ಕನ್ನಡಿಗ

ಹತ್ತು ಪಟ್ಟಿನ ಭೂತಗನ್ನಡಿ ತಂದೆ. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನಾನೂ ಮಗಳೂ ಒಂದೊಂದನ್ನೇ ನೋಡಿದೆವು.

ಯುದ್ಧದ ಎರಡು ಕಾರ್ಡು ನೇರಳೆ ದೀಪದಡಿ ಹೊಳೆಯಲಿಲ್ಲ, ಮಂಕಾಗಿ ಕಂದುಬಣ್ಣಕ್ಕೇ ಉಳಿದವು. ಬೀಟಲ್ಸ್ ಸಹಿಗಳು ಅಚ್ಚುಮೊಳೆಯವರು ಹೇಳಿದ ಹಾಗೆ ಒಂದೇ ಸಮ ಶಾಯಿ, ಪೆನ್ನು ಒತ್ತಿದ ಗುಳಿ ಎಲ್ಲಿಯೂ ಇಲ್ಲ.

ಮಂಗಳದ ನಾಲ್ಕರಲ್ಲಿ ಮೂರರ ಅಕ್ಷರಗಳು ಚಾಕುವಿನಿಂದ ಕೊರೆದಂತೆ ನಿಚ್ಚಳವಾಗಿವೆ. ನಾಲ್ಕನೆಯದನ್ನು ನೋಡುತ್ತಿದ್ದ ಮಗಳು, ‘ಅಪ್ಪ, ಇದರ ಅಕ್ಷರದೊಳಗೆ ಇರುವೆ ಹರಿದಾಡುತ್ತಿವೆ’ ಎಂದಳು. ಬಗ್ಗಿ ನೋಡಿದೆ. ‘ಬಬಲ್ಸ್’ ಎಂಬ ಪದವೇ ಚುಕ್ಕಿಗಳ ರಾಶಿ. ಅಂಚಿನಲ್ಲಿ ನಸುಗೆಂಪು ಪುಡಿ. ಕಾಗದವೂ ಉಳಿದ ಮೂರಕ್ಕಿಂತ ತುಸು ತೆಳು, ಹಿಂಬದಿ ತೀರ ಬಿಳುಪು. ಅದು ನಕಲು. ಮಾರಿದವರಿಗೂ ಗೊತ್ತಿದ್ದಿರಲಾರದು, ಅವರ ಅಣ್ಣನ ಡಬ್ಬವಂತೆ ಅದು. ನನಗೆ ಬೇಸರವಾಯಿತು. ಮಗಳಿಗೆ ಮಾತ್ರ ನಾಲ್ಕರಲ್ಲಿ ಅದೇ ಹೆಚ್ಚು ಇಷ್ಟವಾಗಿಬಿಟ್ಟಿದೆ, ತಾನು ಕಂಡುಹಿಡಿದದ್ದು ಎಂದು.

ಚೀಟಿಗಳನ್ನು ಹೀಗೆ ಬರೆದಿದ್ದೇವೆ, ತಪ್ಪಿದ್ದರೆ ತಿದ್ದಿ. ‘ಮಾರ್ಸ್ ಅಟ್ಯಾಕ್ಸ್, 1962. ಅಚ್ಚಾಗಿರುವ ಹೆಸರು: ಬಬಲ್ಸ್ ಇಂಕ್. ಹೊರತಂದವರು: ಟಾಪ್ಸ್, ಬ್ರೂಕ್ಲಿನ್.’ ‘ಬೀಟಲ್ಸ್, 1964. ಮೂಲ: ಟಾಪ್ಸ್. ಕೆನಡಾದ ಆವೃತ್ತಿ: ಓ-ಪೀ-ಚೀ, ಲಂಡನ್, ಒಂಟಾರಿಯೊ.’ ‘ಹಾರರ್ಸ್ ಆಫ್ ವಾರ್, 1938. ಗಮ್ ಇಂಕ್, ಫಿಲಡೆಲ್ಫಿಯಾ.’ ನಾಲ್ಕನೆಯ ಮಂಗಳದ ಕಾರ್ಡಿಗೆ: ‘ನಂತರದ ನಕಲು. ತಯಾರಕರ ಹೆಸರಿಲ್ಲ.’

ಅಚ್ಚುಮೊಳೆ

ಚೀಟಿಗಳೆಲ್ಲ ಸರಿಯಾಗಿವೆ. ಕಾರ್ಡಿನ ಮೇಲೆ ಪೆನ್ಸಿಲಿನಿಂದಲೂ ಏನನ್ನೂ ಬರೆಯಬೇಡಿ, ಹೊರಗಿನ ಲಕೋಟೆಯ ಮೇಲೆ ಬರೆಯಿರಿ. ಮಗುವಿಗೆ ನನ್ನ ಆಶೀರ್ವಾದ. ಇರುವೆ ಎಂದಳಲ್ಲ, ನಲವತ್ತು ವರ್ಷದ ಹಿಂದೆ ನಮ್ಮ ಅಚ್ಚುಕೂಟದ ಹಿರಿಯರೂ ಅದನ್ನು ಇರುವೆ ಎಂದೇ ಕರೆಯುತ್ತಿದ್ದರು.

ಮೈಸೂರಿನ ಗುಬ್ಬಿ

ನಾನೂ ಇಂದು ಹತ್ತೊಂಬತ್ತು ಲಕೋಟೆ ಮಾಡಿದೆ. ಮುದ್ರಕರ ಖಾನೆಯನ್ನು ಖಾಲಿ ಬಿಟ್ಟಿದ್ದೇನೆ. ಡಬ್ಬದ ತಳದಲ್ಲಿ ಇನ್ನೊಂದು ಕಾರ್ಡು ಅಂಟಿಕೊಂಡಿತ್ತು, ಇಪ್ಪತ್ತನೆಯದು. ತುಕ್ಕು ಹಿಡಿದಿದೆ, ಬಿಡಿಸಲು ಹೋಗಿಲ್ಲ. ಸೈನಿಕನ ಪೇಟದ ತುದಿ ಮಾತ್ರ ಕಾಣುತ್ತಿದೆ.